ಹಗಲು ದೀಪದ ಮನೆ

ಕಳೆದ ತಿಂಗಳು ನಮ್ಮ ಯಜಮಾನರ ಅಣ್ಣನ ಮಗನ ನಿಶ್ಚಿತಾರ್ಥ ಹೊಂಗಡಹಳ್ಳದ ಆಚೆಗಿನ ಒಂದು ಎಕೋ ರೆಸಾರ್ಟಿನಲ್ಲಿ ನಡೆಯಿತು. ಹಾಸನ, ಸಕಲೇಶಪುರ ಬಿಡಿ, ನಮ್ಮ ಆಲೂರಿನಲ್ಲೇ ಕಲ್ಯಾಣ ಮಂಟಪಗಳಿವೆ. ಅಲ್ಲೇ ಆಗಬೇಕಿತ್ತೇ ಎಂದು ನಾನು ಮನೆಯಲ್ಲಿ ಪಾತ್ರೆ ಕುಕ್ಕಿದ್ದಷ್ಟೇ ಬಂತು. ಹುಡುಗಿಯ ಕಡೆಯವರಿಗೆ ಹಸಿರು ಬೇಕಂತೆ. ಆ ರೆಸಾರ್ಟಿಗೆ ಅಂಟಿಕೊಂಡೇ ನನ್ನ ಗಿರಿಜಕ್ಕನ ಮನೆ, ಕಾಫಿ ತೋಟ ಇದ್ದವು. ಈಗ ಅವೂ ರೆಸಾರ್ಟಿನ ಬೇಲಿಯೊಳಗೆ ಸೇರಿವೆ. ಅಕ್ಕ ಆಲೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿದ್ದಾಳೆ.

"ನೀನು ಬರಬೇಡ ಬಿಡಕ್ಕ, ನಾನೇ ಏನಾದರೂ ಹೇಳ್ತೀನಿ" ಎಂದೆ.

"ಬತ್ತೀನಿ ಕಣೇ. ಹಳ್ಳದಾಗೆ ನೀರು ಹೆಂಗೈತೆ ಅಂತ ನೋಡ್ಬೇಕು" ಎಂದಳು.

ರೆಸಾರ್ಟಿನ ಬಾಗಿಲಲ್ಲಿ ಕಾಲಿಡುತ್ತಲೇ ಎರಡು ವಾಸನೆ ಒಟ್ಟಿಗೆ ಮೂಗಿಗೆ ಹೊಡೆದವು. ಒಂದು, ಮೂಲೆಯಲ್ಲಿ ಸಣ್ಣಗೆ ಕಾಯುತ್ತಿದ್ದ ನಿಂಬೆಹುಲ್ಲಿನ ಎಣ್ಣೆಯದು. ಇನ್ನೊಂದು, ಅದರ ಅಡಿಯಿಂದ ನುಸುಳಿ ಬರುತ್ತಿದ್ದ ಡೀಸೆಲ್ ಹೊಗೆಯದು. ಹಿಂದಿನಿಂದ ಜನರೇಟರಿನ ಡಗಡಗ ಕೇಳುತ್ತಿತ್ತು. ಎದುರಿಗೆ ನಯ ಮಾಡಿದ ಕಲ್ಲಿನ ಕಟ್ಟೆಯ ಮೇಲೆ ಗಿಳಿಹಸಿರು ಬಣ್ಣ ಬಳಿದ ಒಂದು ಕಬ್ಬಿಣದ ಚಕ್ರ. ಅದರ ಬಟ್ಟಲುಗಳಿಗೆ ಮಣ್ಣು ತುಂಬಿ ಹೂವಿನ ಗಿಡ ನೆಟ್ಟಿದ್ದರು. ಕೆಳಗೆ ಹಿತ್ತಾಳೆಯ ಫಲಕ: "ಮಲೆನಾಡಿನ ಹಸಿರು ಶಕ್ತಿಗೆ ನಮ್ಮ ನಮನ". ಬಂದ ನೆಂಟರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಕ್ಕ ಹತ್ತಿರ ಹೋಗಿ ಚಕ್ರದ ನಡುವಿನ ಅಚ್ಚನ್ನು ಬೆರಳಿನಿಂದ ಮುಟ್ಟಿದಳು. "ಬೇರಿಂಗ್ ತುಕ್ಕು ಹಿಡ್ದೋಗೈತೆ" ಎಂದಳು, ಅಷ್ಟೇ. ನನಗೆ ಉಗಿಯಬೇಕೆನಿಸಿತು, ಆದರೆ ನೆಲ ಅಷ್ಟು ಚೊಕ್ಕಟವಾಗಿತ್ತು.

ಅದು ಅಕ್ಕನ ಮನೆಯ ಚಕ್ರ. ಅದು ತಿರುಗುತ್ತಿದ್ದ ಕಾಲದಲ್ಲಿ ಒಂದು ಮಳೆಗಾಲ ಪೂರ್ತಿ ನಾನು ಆ ಮನೆಯಲ್ಲಿದ್ದೆ.

ಹೋಗಿದ್ದು ಮಲ್ಲೇಶಪ್ಪ ಭಾವನ ಉಬ್ಬಸದ ದೆಸೆಯಿಂದ. ಗಿರಿಜಕ್ಕನ ಗಂಡ, ಮಾತುಗಾರ, ಹಣೆ ತುಂಬ ವಿಭೂತಿ ಬಳಿದುಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಏನಾದರೊಂದು ಬಿಚ್ಚಿ ಜೋಡಿಸುತ್ತ ಕೂರುವ ಮನುಷ್ಯ. ಆ ವರ್ಷ ಮುಂಗಾರು ಹಿಡಿಯುತ್ತಲೇ ಅವರ ಎದೆ ಕಟ್ಟಿಕೊಂಡಿತು. ಸಕಲೇಶಪುರದ ಡಾಕ್ಟರು ಔಷಧಿಯನ್ನು ಹಬೆ ಮಾಡಿ ಉಸಿರಿನೊಳಗೆ ಕಳಿಸುವ ನೆಬ್ಯುಲೈಸರ್ ಎಂಬ ಪುಟ್ಟ ಮಷೀನು ಬರೆದುಕೊಟ್ಟು, ದಿನವೂ ಎರಡು ಹೊತ್ತು ತಪ್ಪದೆ ಹಾಕಿಕೊಳ್ಳಬೇಕೆಂದರು. ದನ, ತೋಟ, ಕಾಯಿಲೆ ಮೂರನ್ನೂ ಅಕ್ಕ ಒಬ್ಬಳೇ ನೋಡಿಕೊಳ್ಳಲಾಗದೆ ನನಗೆ ಫೋನು ಮಾಡಿದಳು. ಆಲೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮಳೆಗಾಲದಲ್ಲಿ ಹೊಲಿಗೆಗೆ ಬರುವವರು ಕಡಿಮೆ ಎಂದು ಬೀಗ ಹಾಕಿ ಹೊರಟೆ.

ಬಸ್ಸಿಳಿದು ಎಸ್ಟೇಟಿನ ಇಳಿಜಾರಿನಲ್ಲಿ ನಡೆದು ಮನೆ ತಲುಪಿದಾಗ ಮಧ್ಯಾಹ್ನ. ಜಗಲಿಯಲ್ಲಿ, ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಕೊನೆಗೆ ಬಚ್ಚಲ ಹೊರಗಿನ ಕಂಬದಲ್ಲೂ ಬಲ್ಬುಗಳು ಉರಿಯುತ್ತಿದ್ದವು. ಪೇಟೆಯವಳಾದ ನಾನು ಚಪ್ಪಲಿ ಬಿಡುತ್ತಲೇ ಜಗಲಿಯ ಸ್ವಿಚ್ಚಿಗೆ ಕೈ ಹಾಕಿದೆ. ಅಡುಗೆಮನೆಯಿಂದ ಅಕ್ಕ ಓಡಿ ಬಂದಳು.

"ಆರಿಸ್ಬ್ಯಾಡ ಕಣೇ! ಕೈ ತಗಿ, ಕೈ ತಗಿ!"

ಶಾಕ್ ಹೊಡೆಯುತ್ತದೇನೋ ಎಂದು ನಾನು ಹಾರಿಬಿದ್ದೆ. ಭಾವ ಒಳಗಿನಿಂದ ಕೆಮ್ಮುತ್ತಲೇ ನಕ್ಕು, ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು.

"ಇಲ್ಲಿ ಕೇಳು ಸುಮಿ. ನಿಮ್ಮೂರಿನ ಕರೆಂಟು ಕಂಬದ ಮೇಲಿಂದ ಬತ್ತದೆ, ನಮ್ದು ಹಳ್ಳದಿಂದ. ನೀರು ಒಂದೇ ಸಮ ಬೀಳ್ತದೆ, ಚಕ್ರ ಒಂದೇ ಸಮ ತಿರುಗ್ತದೆ. ಅದು ಕೊಟ್ಟಿದ್ದನ್ನ ಮನೆ ಪೂರ್ತಿ ಉಣ್ಬೇಕು. ಉಣ್ಣೋರು ಕಮ್ಮಿ ಆದ್ರೆ ಚಕ್ರಕ್ಕೆ ಸೊಕ್ಕು ಬಂದು ಓಡ್ತದೆ, ಉಳಿದವ್ರ ಮೇಲೆ ಬೀಳ್ತದೆ. ಎಲ್ಲ ಸುಟ್ಟೋಗ್ಬುಡ್ತದೆ ಕಣಮ್ಮ."

"ರಾತ್ರಿ ಮಲಗುವಾಗ?"

"ರಾತ್ರೀನೂ ಉರೀಬೇಕು. ನಿಲ್ಲಿಸ್ಬೇಕು ಅಂದ್ರೆ ಹಳ್ಳಕ್ಕೋಗಿ ಕಾಲುವೆ ಹಲಗೆ ಎತ್ಬೇಕು, ನೀರು ಬೇರೆ ಕಡೆ ಹೋಗ್ತದೆ. ಸ್ವಿಚ್ ಮುಟ್ಟಂಗಿಲ್ಲ."

ಆ ಮನೆಗೆ ಸರ್ಕಾರದ ಲೈನು ಬಂದಿರಲಿಲ್ಲ. ಹತ್ತಿರದ ಎಸ್ಟೇಟಿನವರೆಗೆ ಬಂದಿದ್ದ ಲೈನೂ ಮಳೆ ಹಿಡಿದರೆ ಮರದ ಕೊಂಬೆಯೊಂದಿಗೆ ಮಲಗುತ್ತಿತ್ತು. ಆ ಮೂಲೆಯಲ್ಲಿ ಜಡಿಮಳೆಯಲ್ಲೂ ಕಣ್ಣು ಮಿಟುಕಿಸದೆ ಉರಿಯುತ್ತಿದ್ದುದು ಅದೊಂದೇ ಮನೆ. ಸುತ್ತಲಿನವರು ಅದನ್ನು ಹಗಲು ದೀಪದ ಮನೆ ಎಂದೇ ಕರೆಯುತ್ತಿದ್ದರು.

ಅಕ್ಕನ ಸಂಸಾರಕ್ಕೆಲ್ಲ ಆ ಚಕ್ರದ್ದೇ ಲೆಕ್ಕ. ಮಿಕ್ಸಿ ಹಾಕುವ ಮೊದಲು ಜಗಲಿಯ ದೀಪಗಳನ್ನು ಆರಿಸುವಳು, ಚಟ್ನಿ ಆದ ಕೂಡಲೇ ಮತ್ತೆ ಹಾಕುವಳು. ಭಾವನ ಮಷೀನು ಶುರುವಾಗುವಾಗ ಬಚ್ಚಲ ದೀಪ ಆರಬೇಕು, ನಿಂತಾಗ ಹತ್ತಬೇಕು. ಒಂದು ಕೈಯಲ್ಲಿ ಒಗ್ಗರಣೆ, ಇನ್ನೊಂದು ಕೈಯಲ್ಲಿ ಸ್ವಿಚ್ಚು. ಬೆಳಗ್ಗೆ, ಸಂಜೆ ಹಳ್ಳಕ್ಕಿಳಿದು ಕಾಲುವೆಯ ಬಾಯಿಗೆ ಅಡ್ಡ ಇಟ್ಟ ಜಾಲರಿಯಿಂದ ಎಲೆ, ಕಡ್ಡಿ ತೆಗೆಯಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಜಿಗಣೆ ಹತ್ತಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ಕಸ ತೆಗೆದು ತಲೆಯೆತ್ತಿದರೆ ಮಂಜಿನೊಳಗೆ ಮನೆ ಬೆಳಗುತ್ತಿರುತ್ತಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಗುತ್ತಿತ್ತು.

ಇಷ್ಟನ್ನು ಹೇಳಿದ್ದು, ನಾನು ಹೊಸದಕ್ಕೆಲ್ಲ ಮೂಗು ಮುರಿಯುವ ಹೆಂಗಸೆಂದು ಯಾರೂ ತಿಳಿಯಬಾರದೆಂದು. ನಾನು ಓಡಿಸುವುದು ಎಲೆಕ್ಟ್ರಿಕ್ ಸ್ಕೂಟರು. ನನ್ನ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದೇನೆ, ಮನೆಯ ಮೇಲೆ ಸೋಲಾರ್ ನೀರು ಕಾಯಿಸುವ ತೊಟ್ಟಿ ಇದೆ. ಉಪಯೋಗಕ್ಕೆ ಬಂದರೆ ನಮ್ಮ ಜನ ಯಾವುದನ್ನೂ ಬೇಡವೆನ್ನುವುದಿಲ್ಲ, ಯಾರೂ ಭಾಷಣ ಮಾಡಬೇಕಿಲ್ಲ. ನನಗೆ ಹೇಸಿಗೆಯಾಗುವುದು ಶೋಕಿಗೆ. ಹಸಿರು ಬಣ್ಣದ ಡಬ್ಬ ಹಿಡಿದುಕೊಂಡು ತಿರುಗುವವರನ್ನು ಕಂಡರೆ ಹೇಸಿಗೆ.

ಆ ಡಬ್ಬ ನಮ್ಮ ಬೇಲಿಯಾಚೆಗೆ ಬಂದಿದ್ದು ಅದೇ ವರ್ಷ. ಪಕ್ಕದ ಎಸ್ಟೇಟನ್ನು ಯಾರೋ ಕೊಂಡು ರೆಸಾರ್ಟ್ ಮಾಡಿದ್ದರು. ಮರಮರಕ್ಕೂ ಮೊಳೆ ಹೊಡೆದು "ಮರವನ್ನು ಪ್ರೀತಿಸಿ" ಎಂಬ ಬೋರ್ಡು. ಸಿಲ್ವರ್ ಓಕ್ ನೆರಳಿನ ಅಡಿಯಲ್ಲಿ ಸೋಲಾರ್ ಹಲಗೆಗಳು. ಆಷಾಢ ಮುಗಿಯುವಷ್ಟರಲ್ಲಿ ಅವುಗಳ ಮೇಲೆ ಪಾಚಿ ಕಟ್ಟಿತು. ಅತಿಥಿಗಳನ್ನು ಓಡಾಡಿಸಲು ಬಾಗಿಲಿಲ್ಲದ ಎಲೆಕ್ಟ್ರಿಕ್ ಬಗ್ಗಿಗಳು, ಅವುಗಳ ಮೈಮೇಲೆ "ಹೊಗೆಯಿಲ್ಲದ ಪಯಣ" ಎಂಬ ಬರಹ. ಅವುಗಳನ್ನು ಚಾರ್ಜ್ ಮಾಡಲು ಬಿದಿರಿನ ತಟ್ಟಿಯ ಹಿಂದೆ ಜನರೇಟರು! ಅದು ಬೆಳಗ್ಗೆಯಿಂದ ಡಗಡಗ ಎನ್ನುತ್ತಿದ್ದರೆ ಒದ್ದೆ ಗಾಳಿಯಲ್ಲಿ ಹೊಗೆ ಮೇಲೇಳದೆ ಕಣಿವೆಯಲ್ಲೇ ಕೂತು, ನೇರವಾಗಿ ಭಾವನ ಎದೆಗೆ ಬರುತ್ತಿತ್ತು. ಹೊಗೆಯಿಲ್ಲದ ಪಯಣ ಅತಿಥಿಗಳಿಗೆ, ಹೊಗೆ ನಮಗೆ.

ಅಲ್ಲಿನ ಮ್ಯಾನೇಜರ್ ಎಳೆ ವಯಸ್ಸಿನವನು, ಬಾಯಿ ತೆರೆದರೆ ಜೇನು. ಒಂದು ದಿನ ಛತ್ರಿ ಹಿಡಿದು ಬಂದು ಜಗಲಿಯಲ್ಲಿ ಕೂತ.

"ಅಂಕಲ್, ನಿಮ್ಮ ಟರ್ಬೈನ್ ಅದ್ಭುತ. ನಮ್ಮ ಗೆಸ್ಟ್‌ಗಳಿಗೆ ಗ್ರೀನ್ ವಾಕ್ ಅಂತ ಮಾಡ್ತಿದೀವಿ. ನಿಮ್ಮ ಮನೆ ತೋರಿಸಬಹುದಾ?"

ಭಾವನಿಗೆ ಇಷ್ಟು ಸಾಕಾಯಿತು. ಅವರ ಚಕ್ರವನ್ನು ಯಾರಾದರೂ ಹೊಗಳಿದರೆ ಔಷಧಿಯೇ ಬೇಕಿರಲಿಲ್ಲ. "ಬರ್ಲಿ ಬಿಡಪ್ಪ, ಕಾಫಿ ಕುಡ್ಕಂಡು ಹೋಗ್ಲಿ" ಎಂದುಬಿಟ್ಟರು. ಕಾಫಿ ಮಾಡಬೇಕಾದವಳು ಅಕ್ಕ ಎಂಬುದು ಅವರಿಗೆ ಹೊಳೆಯಲಿಲ್ಲ.

ಎದ್ದು ಹೊರಡುವಾಗ ಮ್ಯಾನೇಜರ್ ಇನ್ನೊಂದು ಮಾತು ಸೇರಿಸಿದ. ನಮ್ಮ ಮನೆಯ ಮೇಲುಗಡೆ ಇರುವ ಲೋಕೇಶನ ಹಳೇ ಜೀಪು ಆ ದಾರಿಯಲ್ಲಿ ಓಡಾಡುವುದು ಅತಿಥಿಗಳಿಗೆ ಹಿಡಿಸುತ್ತಿಲ್ಲವಂತೆ. ಕಪ್ಪು ಹೊಗೆ ಬಿಡುತ್ತದೆ, ಗ್ರೀನ್ ವಾಕ್ ಹೊತ್ತಿನಲ್ಲಾದರೂ ತೆಗೆಯದಂತೆ ನೀವೇ ಹೇಳಿ ಎಂದ. ಲೋಕೇಶನಿಗೆ ಹೇಳಿದಾಗ ಅವನು ಬೀಡಿ ಕಚ್ಚಿಕೊಂಡು, "ಆಯ್ತು ಬುಡಿ ಮಾರಾಯ್ರ, ಅವ್ರ ಜನರೇಟ್ರು ಊದುಬತ್ತಿ ಹೊಗೆ ಬುಡ್ತದೇನೋ" ಎಂದು ಜೀಪನ್ನು ಮೇಲೆ ಹಲಸಿನ ಮರದಡಿ ನಿಲ್ಲಿಸಿದ.

ಅಲ್ಲಿಂದ ಶುರುವಾಯಿತು ಮೆರವಣಿಗೆ. ಬಣ್ಣಬಣ್ಣದ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಬರುವರು. ಕೆಸರುಗಾಲಿನಲ್ಲಿ ನಡುಮನೆಗೆ ನುಗ್ಗುವರು, ಹೇಳದೆ ಕೇಳದೆ ದೇವರ ಗೂಡಿನ ಫೋಟೋ ತೆಗೆಯುವರು. "ಹೌ ಸಿಂಪಲ್!" ಎಂದು ನಮ್ಮ ಸ್ಟೀಲ್ ಲೋಟ ಎತ್ತಿ ನೋಡುವರು. ಅಕ್ಕನಿಗೆ ನಾಚಿಕೆ, ನನಗೆ ಮೈ ಉರಿ. ಎಲ್ಲರಿಗೂ ಕಣ್ಣು ಚುಚ್ಚುತ್ತಿದ್ದುದು ಹಗಲು ಉರಿಯುವ ದೀಪ. "ಅಂಕಲ್, ಇಷ್ಟೊಂದು ವೇಸ್ಟ್ ಯಾಕೆ? ನಮ್ಮ ಮಗು ಕೂಡ ರೂಮಿಂದ ಹೊರಗೆ ಬಂದ್ರೆ ಲೈಟ್ ಆಫ್ ಮಾಡುತ್ತೆ" ಎಂದು ಒಬ್ಬ ಹೆಂಗಸು ಭಾವನಿಗೆ ಬುದ್ಧಿ ಹೇಳಿದಳು. ಭಾವ ಏದುಸಿರಿನಲ್ಲೇ ಮತ್ತೆ ಮೊದಲಿನಿಂದ ವಿವರಿಸುವರು. ಅವರು "ಓ, ಓ" ಎಂದು ತಲೆಯಾಡಿಸುವರು. ಕೇಳಿಸಿಕೊಳ್ಳುವವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು, ಅಂಗಡಿಯಲ್ಲಿ ದಿನಾ ಅಳತೆ ಹೇಳುವವಳು ನಾನು. ಅವು ಆ ಮುಖಗಳಲ್ಲ.

"ಸಾಕು ಭಾವ, ಬರಬೇಡಿ ಅನ್ನಿ" ಎಂದು ನಾನು ಹಲವು ಸಲ ಜಗಳವಾಡಿದೆ.

"ಪಾಪ, ದೂರದಿಂದ ಬಂದವ್ರೆ. ತಿಳ್ಕಳ್ಳಿ ಬುಡು" ಎನ್ನುವರು ಅವರು.

ಶ್ರಾವಣದ ಒಂದು ಬೆಳಗ್ಗೆ. ಹಿಂದಿನ ದಿನವೆಲ್ಲ ಸುರಿದು ಹಳ್ಳ ಉಕ್ಕಿತ್ತು, ಭಾವನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಅಕ್ಕ ಅವರನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಮೂತಿಗೆ ಮಾಸ್ಕ್ ಕಟ್ಟಿ, ಬಚ್ಚಲ ದೀಪ ಆರಿಸಿ ಮಷೀನು ಹಾಕಿದಳು. ಕಾಲುವೆಗೆ ದೊಡ್ಡ ಕೊಂಬೆಯೊಂದು ಸಿಕ್ಕಿಕೊಂಡಿತ್ತು, ಒಬ್ಬಳಿಂದ ಆಗುವ ಕೆಲಸವಲ್ಲ. ಇಬ್ಬರೂ ಹಳ್ಳಕ್ಕಿಳಿದೆವು. ಕೊಂಬೆ ಎಳೆಯುತ್ತಿದ್ದಾಗ ಮೇಲೆ ಗೇಟಿನ ಬಳಿ ಬಗ್ಗಿ ಬಂದು ನಿಂತದ್ದು ಕಂಡಿತು. ಕೋಟುಗಳು ಇಳಿದವು. ಮ್ಯಾನೇಜರ್ ಗೇಟಿನಲ್ಲೇ ಫೋನಿನಲ್ಲಿ ಮಾತಾಡುತ್ತ ನಿಂತ.

ಮನೆಯೊಳಗೆ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ, ಅವರದೇ ವಿಡಿಯೋದಿಂದ. ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡ ಒಬ್ಬ ಗಂಡಸು, "ಇವತ್ತು ಈ ಹಳ್ಳಿ ಮನೆಗೆ ಒಂದು ಒಳ್ಳೇ ಅಭ್ಯಾಸ ಕಲಿಸೋಣ" ಎನ್ನುತ್ತ ಜಗಲಿಯ ಸ್ವಿಚ್ಚುಗಳನ್ನು ಆರಿಸುತ್ತಾನೆ. ಜೊತೆಯವರು ಚಪ್ಪಾಳೆ ತಟ್ಟುತ್ತಾರೆ. ಕೊಟ್ಟಿಗೆಯದು ಆರುತ್ತದೆ, ಅಡುಗೆಮನೆಯದು ಆರುತ್ತದೆ. ನಡುಮನೆಗೆ ಬಂದಾಗ ಭಾವ ಕಾಣುತ್ತಾರೆ. ಮಾಸ್ಕಿನೊಳಗಿಂದ ಮಾತು ಹೊರಡದು, ಎದ್ದು ನಿಲ್ಲಲಾಗದು. ಬೇಡ, ಬೇಡ ಎಂದು ಕೈ ಆಡಿಸುತ್ತಾರೆ. ಆ ಮನುಷ್ಯ ಅದನ್ನು ಕಂಡು, "ಅಂಕಲ್ ಹಾಯ್ ಹೇಳ್ತಿದಾರೆ!" ಎಂದು ನಗುತ್ತ ತಾನೂ ಕೈ ಬೀಸುತ್ತಾನೆ. ಆಮೇಲೆ ಅಲ್ಲಿನ ಸ್ವಿಚ್ಚನ್ನೂ ಒತ್ತುತ್ತಾನೆ.

ಹಳ್ಳದಲ್ಲಿದ್ದ ನಮಗೆ ಮೊದಲು ತಿಳಿದದ್ದು ಚಕ್ರದ ಸದ್ದಿನಿಂದ. ಗುರ್ರೆನ್ನುತ್ತಿದ್ದುದು ಸಣ್ಣಗಾಗಿ, ಕಿವಿ ಸೀಳುವಂತೆ ಏರಿತು. ಅಕ್ಕ ತಲೆಯೆತ್ತಿ ನೋಡಿದಳು. ಮನೆ ಕತ್ತಲಾಗಿತ್ತು.

"ಯಾರೋ ಆರಿಸ್ಬುಟ್ರು ಕಣೇ! ಹಲಗೆ ಎತ್ತು, ಹಲಗೆ ಎತ್ತು!"

ಅವಳು ಸೀರೆ ಎತ್ತಿ ಕಟ್ಟಿ ಓಡಿದಳು. ನಾನು ಹಲಗೆ ಎಳೆದೆ. ಮಳೆಗೆ ಉಬ್ಬಿದ ಮರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದು ಕಿತ್ತು ಬರುವಷ್ಟರಲ್ಲಿ ಮೇಲಿನಿಂದ ಪಟ್ಟೆಂದು ಸದ್ದು ಕೇಳಿತು.

ನಾನು ತಲುಪಿದಾಗ ನಡುಮನೆಯ ತುಂಬ ಸುಟ್ಟ ವೈರಿನ ವಾಸನೆ. ಮಷೀನಿನ ಸಂದಿಯಿಂದ ಹೊಗೆ ಬರುತ್ತಿತ್ತು. ಭಾವ ಮಾಸ್ಕ್ ಕಿತ್ತೆಸೆದು ಕುರ್ಚಿಯ ಹಿಡಿ ಹಿಡಿದು ಮುಂದಕ್ಕೆ ಬಾಗಿದ್ದರು. ತುಟಿ ನೀಲಿಗಟ್ಟಿತ್ತು. ಉಬ್ಬಸದ ಪಂಪು ಬಾಯಿಗಿಟ್ಟರೆ ಅದನ್ನು ಎಳೆದುಕೊಳ್ಳುವಷ್ಟು ಉಸಿರೂ ಅವರಲ್ಲಿರಲಿಲ್ಲ. ಅಕ್ಕ ಬೆನ್ನು ತಿಕ್ಕುತ್ತ "ಶಿವಾ, ಶಿವಾ" ಎನ್ನುತ್ತಿದ್ದಳು. ಕೋಟಿನವರು ಗೋಡೆಗೆ ಒರಗಿ ನಿಂತಿದ್ದರು. "ನಾವು ಒಳ್ಳೇದಕ್ಕೇ ಮಾಡಿದ್ದು" ಎಂದ ಕೋಲಿನವನು. ಕೋಲು ಇನ್ನೂ ಅವನ ಕೈಯಲ್ಲೇ ಇತ್ತು.

ನಾನು ಗೇಟಿಗೆ ಓಡಿದೆ. "ಆ ಬಗ್ಗಿಯಲ್ಲಿ ಮೇಲಿನ ರಸ್ತೆವರೆಗಾದರೂ ಬಿಡಿ, ಅಲ್ಲಿಂದ ಏನಾದರೂ ಸಿಗುತ್ತೆ" ಎಂದು ಮ್ಯಾನೇಜರಿಗೆ ಕೈ ಮುಗಿದೆ. ಹೌದು, ಮುಗಿದೆ. ಅದು ಈಗಲೂ ನನ್ನ ಅಂಗೈಯಲ್ಲಿ ಕಜ್ಜಿಯ ಹಾಗೆ ಕಡಿಯುತ್ತದೆ.

"ಮೇಡಂ, ಇದು ಪ್ರಾಪರ್ಟಿ ಒಳಗೆ ಓಡಾಡೋಕೆ ಮಾತ್ರ. ಚಾರ್ಜ್ ಕೂಡ ಕಮ್ಮಿ ಇದೆ. ಈ ಏರು ಹತ್ತಲ್ಲ. ಗೆಸ್ಟ್‌ಗಳನ್ನೂ ವಾಪಸ್ ಬಿಡಬೇಕು."

ಗೆಸ್ಟ್‌ಗಳು ಒಬ್ಬೊಬ್ಬರೇ ಬಂದು ಹತ್ತಿದರು. ಮಳೆ ಬಡಿಯದಂತೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡರು. ಬಗ್ಗಿ ಸದ್ದೇ ಇಲ್ಲದೆ ಇಳಿಜಾರಿನಲ್ಲಿ ಹೊರಟುಹೋಯಿತು. ಸದ್ದಿಲ್ಲದಿರುವುದೇ ಅದರ ಹೆಚ್ಚುಗಾರಿಕೆಯಂತೆ.

ಅಕ್ಕ ಅಂಗಳಕ್ಕೆ ಬಂದು ಬಾಯಿಗೆ ಕೈಯಿಟ್ಟು ಗುಡ್ಡದ ಕಡೆಗೆ ಕೂ ಹಾಕಿದಳು. ಎರಡನೇ ಕೂಗಿಗೆ ಮೇಲಿನಿಂದ ಲೋಕೇಶನ ಕೂ ಬಂತು. ಆಮೇಲೆ ಜೀಪು ಕೆಮ್ಮಿದ ಸದ್ದು. ಕಪ್ಪು ಹೊಗೆ ಉಗುಳುತ್ತ, ಕೆಸರು ಹಾರಿಸುತ್ತ ಅದು ನಮ್ಮ ಅಂಗಳದೊಳಕ್ಕೇ ಬಂದು ನಿಂತಿತು. ಲೋಕೇಶ ಭಾವನನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ.

"ಏನೂ ಆಗಕಿಲ್ಲ ಕಣಣ್ಣ, ಉಸ್ರು ಬುಡು, ನಿಧಾನಕ್ಕೆ ಬುಡು" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ರೆಸಾರ್ಟಿನ ಗೇಟು ದಾಟುವಾಗ ಮಾತ್ರ ಬೇಕೆಂದೇ ಆಕ್ಸಿಲರೇಟರ್ ಒತ್ತಿ ಕಪ್ಪು ಹೊಗೆಯನ್ನೆಲ್ಲ ಅಲ್ಲಿ ಸುರಿದ. ಆ ದಿನದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಅದೊಂದೇ.

ಸಕಲೇಶಪುರದ ಆಸ್ಪತ್ರೆಯಲ್ಲಿ ಭಾವ ಉಳಿದರು. ಆದರೆ ಆ ಎದೆ ಮತ್ತೆ ಸರಿಯಾಗಲಿಲ್ಲ. ಆ ಶೀತದ ಮನೆಗೆ ವಾಪಸ್ ಹೋಗಬೇಡಿ ಎಂದರು ಡಾಕ್ಟರು. ಆಲೂರಿಗೆ ಕರೆತಂದೆ. ಅಲ್ಲಿ ಕರೆಂಟು ಹೋದಾಗಲೆಲ್ಲ ಭಾವ, "ನಮ್ಮನೇಲಿ ಹೋಗ್ತಾನೇ ಇರ್ಲಿಲ್ಲ ನೋಡು" ಎನ್ನುವರು. ಮುಂದಿನ ಮಳೆ ಹಿಡಿಯುವ ಮೊದಲೇ ತೀರಿಹೋದರು. ಆ ದಿನ ಅಷ್ಟು ಆಗದಿದ್ದರೂ ಅವರು ಹೆಚ್ಚು ಕಾಲ ಇರುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಇರಬಹುದು. ಆ ಸಮಾಧಾನ ನನಗೆ ಬೇಕಿಲ್ಲ.

ಆಸ್ಪತ್ರೆಯಲ್ಲಿದ್ದಾಗ ರೆಸಾರ್ಟಿನಿಂದ ಒಂದು ಬುಟ್ಟಿ ಬಂದಿತ್ತು. ಸಾವಯವ ಕಾಫಿಪುಡಿಯ ಪೊಟ್ಟಣ, ಒಂದು ಸೋಪು, ಮತ್ತೆ ಹಸಿರು ರಿಬ್ಬನ್ ಕಟ್ಟಿದ ಒಂದು ಎಲ್‌ಇಡಿ ಬಲ್ಬು. ಬೇಗ ಗುಣವಾಗಲಿ ಎಂದು ಚೀಟಿ. ಕಾಫಿ ಬೆಳೆಯುವವರಿಗೆ ಕಾಫಿಪುಡಿ, ಮಷೀನು ಸುಟ್ಟವರಿಂದ ಬಲ್ಬು! ನಾನು ಅದನ್ನು ಆಸ್ಪತ್ರೆಯ ಕಸದ ಡಬ್ಬಕ್ಕೆ ಹಾಕಿದೆ. ಆ ವಿಡಿಯೋವನ್ನು ನನಗೆ ಕಳಿಸಿದ್ದು ನಮ್ಮ ನೆಂಟರೇ, ಹೃದಯದ ಚಿಹ್ನೆ ಒತ್ತಿ, "ಇದು ಗಿರಿಜಕ್ಕನ ಮನೆ ಅಲ್ವಾ?" ಎಂದು ಕೇಳಿ. ಭಾವ ಕೈ ಆಡಿಸುವಲ್ಲಿಗೆ ಸರಿಯಾಗಿ ಹಿನ್ನೆಲೆಯಲ್ಲಿ ಕೊಳಲು ಹಾಕಿದ್ದರು. ಮಷೀನು ಪಟ್ಟೆನ್ನುವ ಮೊದಲೇ ವಿಡಿಯೋ ಮುಗಿಯುತ್ತದೆ.

ಸರಿಯಾದ ದಾರಿಯೂ ಲೈನೂ ಇಲ್ಲದ ತೋಟಕ್ಕೆ ಬೇರೆ ಗಿರಾಕಿ ಬರಲಿಲ್ಲ. ಅಕ್ಕ ಕೊನೆಗೆ ರೆಸಾರ್ಟಿನವರಿಗೇ ಕೊಟ್ಟಳು.

ನಿಶ್ಚಿತಾರ್ಥದ ದಿನ ಹೆಂಗಸರು ಸೀರೆ ಬದಲಿಸಲು ಕೊಟ್ಟ ಕೋಣೆ ಯಾವುದೆಂದರೆ, ಅದೇ ಮನೆ. ಕೆಡವಿರಲಿಲ್ಲ. ಸುಣ್ಣ ಬಳಿದು, ಬಿದಿರಿನ ದೀಪ ತೂಗುಹಾಕಿ "ಪಾರಂಪರಿಕ ಕಾಟೇಜ್" ಎಂದು ಹೆಸರಿಟ್ಟಿದ್ದರು. ನಡುಮನೆಯಲ್ಲಿ ಭಾವ ಕೂರುತ್ತಿದ್ದ ಜಾಗದಲ್ಲಿ ಕನ್ನಡಿ. ಸ್ವಿಚ್ಚಿನ ಪಕ್ಕ ಎಲೆಯ ಆಕಾರದ ಒಂದು ಸ್ಟಿಕ್ಕರು: "ಹೊರಡುವಾಗ ದೀಪ ಆರಿಸಿ, ಪ್ರಕೃತಿಯನ್ನು ಉಳಿಸಿ".

ಅಕ್ಕ ಕಿಟಕಿಯಿಂದ ಹಳ್ಳ ನೋಡಿದಳು, ನೀರು ಚೆನ್ನಾಗೈತೆ ಎಂದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಹಿಂದೆ ಬಂದ ನಾನು ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈ ಹಾಕಿದೆ.

ಅವಳು ಥಟ್ಟನೆ ತಿರುಗಿ ನನ್ನ ಮಣಿಕಟ್ಟು ಹಿಡಿದಳು.

"ಆರಿಸ್ಬ್ಯಾಡ ಕಣೇ, ನಿನ್ ಭಾವ ಮಷೀನ್ ಹಾಕ್ಕಂಡವ್ರೆ."

ಹೇಳಿದ ಮೇಲೆ ತಾನೇನು ಹೇಳಿದೆ ಎಂಬುದು ಅವಳಿಗೇ ಕೇಳಿಸಿತು. ಆದರೂ ಕೈ ಬಿಡಲಿಲ್ಲ. ಹೊರಗೆ ಜನರೇಟರ್ ಡಗಡಗ ಎನ್ನುತ್ತಿತ್ತು. ಯಾರೋ ನಮ್ಮನ್ನು ಊಟಕ್ಕೆ ಕೂಗುತ್ತಿದ್ದರು. ನಾನು ಸ್ವಿಚ್ಚಿನಿಂದ ಕೈ ತೆಗೆದೆ. ನಡುಮನೆಯ ದೀಪವನ್ನು ಉರಿಯಲು ಬಿಟ್ಟು ಇಬ್ಬರೂ ಹೊರಗೆ ಬಂದೆವು.